ಐವರಲ್ಲಿ ಒಬ್ಬ

ಟಿ.ವಿ.ಯವರು ಕೆರೆದಡದ ಆ ಸಣ್ಣ ಊರಿಗೆ ಬಂದಾಗ ಮೊದಲು ಬದಲಾದದ್ದು ಅಂಚೆ ಕಚೇರಿಯ ಬಾಗಿಲಿನ ಬಣ್ಣ. ಆಮೇಲೆ ಬದಲಾದದ್ದು ಜನರ ನಡಿಗೆ. ಹಾಲು ತರಲು ಹೊರಟವರೂ ಬೀದಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬಂತೆ ಹಿಂದಕ್ಕೆ ನೋಡಿ ಮುಂದೆ ಹೋಗುವುದನ್ನು ಕಲಿತರು. ಕ್ಯಾಮೆರಾ ಇರಲಿ ಇಲ್ಲದಿರಲಿ, ಊರಿಗೆ ಊರೇ ಗುಟ್ಟು ಇಟ್ಟುಕೊಂಡವರ ಮುಖ ಹಾಕಿಕೊಂಡಿತು. ಔಷಧಿ ಅಂಗಡಿಯವನು ಕೆಮ್ಮಿನ ಸಿರಪ್ ಕೊಡುವಾಗಲೂ ದನಿ ತಗ್ಗಿಸುತ್ತಿದ್ದ.

ನಿಜವಾದ ಗುಟ್ಟು ಇದ್ದದ್ದು ಒಂದೇ ಮನೆಯಲ್ಲಿ. ಅದು ಏನೆಂದು ಆ ಮನೆಯವರಿಗೂ ಗೊತ್ತಿರಲಿಲ್ಲ.

ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ತಾಯಿ ಮತ್ತು ಅವಳ ಹಿರಿಯ ಮಗಳು ಇದ್ದರು. ಮಗಳನ್ನು ಮನೆಯಲ್ಲಿ ದೊಡ್ಡವಳು ಎನ್ನುತ್ತಿದ್ದರು. ಚಿಕ್ಕವಳು ಒಬ್ಬಳಿದ್ದಳಲ್ಲ, ಅದಕ್ಕೆ. ಚಿಕ್ಕವಳು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಹಲವು ವರ್ಷಗಳ ಹಿಂದೆ ಒಂದು ಸಂಜೆ ಅಂಗಡಿಯ ಷಟರ್ ಎಳೆದು, ಬೀಗ ಜಗ್ಗಿ ನೋಡಿ, ಸೈಕಲ್ ಹತ್ತಿದ್ದನ್ನು ಎದುರಿನ ಅಂಗಡಿಯವರು ಕಂಡಿದ್ದರು. ಅಷ್ಟೇ. ಸೈಕಲ್ಲು ದೋಣಿಕಟ್ಟೆಗೆ ಒರಗಿಕೊಂಡು ಸಿಕ್ಕಿತು, ಅವಳು ಸಿಗಲಿಲ್ಲ. ಕೆರೆಯನ್ನು ಜಾಲಾಡಿದರು, ಆಚೆ ದಡದ ಕಾಡನ್ನು ಜಾಲಾಡಿದರು, ಅವಳ ಗೆಳತಿಯರ ಮನಸ್ಸನ್ನೂ ಜಾಲಾಡಿದರು. ಇನ್‌ಸ್ಪೆಕ್ಟರುಗಳು ಬಂದರು, ವರ್ಗವಾಗಿ ಹೋದರು. ಸತ್ತಳೆಂದು ಅಳುವಂತಿಲ್ಲ, ಇದ್ದಾಳೆಂದು ನಗುವಂತಿಲ್ಲ. ಯಾರಾದರೂ ಸತ್ತ ಮನೆಗೆ ಊರು ಒಂದಷ್ಟು ದಿನ ಬಂದು ಕೂತು ಎದ್ದು ಹೋಗುತ್ತದೆ. ಈ ಮನೆಗೆ ಯಾವಾಗ ಬರಬೇಕು, ಯಾವಾಗ ಎದ್ದು ಹೋಗಬೇಕು ಎಂದು ಊರಿಗೂ ತಿಳಿಯದೆ, ಜನ ಬರುವುದನ್ನೇ ಬಿಟ್ಟರು.

ಬಿಡದೆ ಬಂದವನು ಒಬ್ಬನೇ. ಅಮ್ಮನ ತಮ್ಮ, ಕೆರೆಯಲ್ಲಿ ದೋಣಿ ನಡೆಸುವ ಮಾವ. ಮದುವೆಯಿಲ್ಲ, ಮಕ್ಕಳಿಲ್ಲ, ಮಾತೂ ಹೆಚ್ಚಿಲ್ಲ. ವಾರಕ್ಕೊಮ್ಮೆ ಬೇಕರಿಯ ಬನ್ನು ಕಟ್ಟಿಸಿಕೊಂಡು ಬಂದು ಅಕ್ಕನ ಮುಂದೆ ಕೂತು, "ಹೇಗಿದೀಯಕ್ಕ?" ಎಂದು ಕೇಳಿ, ಅವಳು "ಹೀಗಿದೀನಿ" ಎಂದ ಮೇಲೆ ಬನ್ನು ಬಿಚ್ಚುತ್ತಿದ್ದ.

ಟಿ.ವಿ.ಯವರ ಸೀರಿಯಲ್ಲು ಅಂಥದೇ ಒಂದು ಸಣ್ಣ ಊರಿನದು. ಹೂವಿನ ಅಂಗಡಿಯ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಡಾಕ್ಟರು, ಅಂಚೆಯಮ್ಮ, ಶಾಲೆಯ ಮೇಷ್ಟ್ರು, ಅಂಗಡಿಯ ಯಜಮಾನ, ದೋಣಿಯವನು, ಈ ಐವರ ಮೇಲೆ ಪತ್ತೇದಾರನಿಗೆ ಅನುಮಾನ. ಸ್ಟುಡಿಯೋ ಹೂವಿನ ಅಂಗಡಿಯಾಗಿತ್ತು, ಸೈಕಲ್ಲು ಸ್ಕೂಟರಾಗಿತ್ತು. ಕೆರೆ ಮಾತ್ರ ಅದೇ. ಸೀರಿಯಲ್ಲಿನ ಕಥೆಗಾರ ಹಿಂದಿನ ಚಳಿಗಾಲದಲ್ಲಿ ಊರ ಲಾಡ್ಜಿನಲ್ಲಿ ತಂಗಿ ಎಲ್ಲರನ್ನೂ ಮಾತಾಡಿಸಿ ಹೋಗಿದ್ದ. ದಪ್ಪ ಗಾಜಿನ ಕನ್ನಡಕದ ಆ ಮನುಷ್ಯನಿಗೆ ಊರವರು ಕನ್ನಡಕ ಎಂದೇ ಹೆಸರಿಟ್ಟಿದ್ದರು. ಲಾಂಡ್ರಿಯ ಮೇಲಿನ ಅಡುಗೆಮನೆಗೂ ಬಂದಿದ್ದ. ಚಿಕ್ಕವಳು ಹೇಗೆ ನಗುತ್ತಿದ್ದಳು, ತಲೆಗೂದಲು ಹೇಗೆ ಬಾಚುತ್ತಿದ್ದಳು, ಸಿಟ್ಟು ಬಂದರೆ ಏನು ಮಾಡುತ್ತಿದ್ದಳು, ಎಲ್ಲ ಕೇಳಿದ್ದ. ಅಮ್ಮ ಅಷ್ಟು ವರ್ಷಗಳಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಸೀರಿಯಲ್ಲು ಶುರುವಾದ ದಿನವೇ ಅಮ್ಮ ತೀರ್ಮಾನಕ್ಕೆ ಬಂದಳು.

"ಅವನಿಗೆ ಗೊತ್ತಾಗಿದೆ ಕಣೇ."

"ಯಾರಿಗಮ್ಮ?"

"ಕನ್ನಡಕಕ್ಕೆ. ನಮ್ಮನೇಲಿ ಕೂತು ಮೂರು ಸಲ ಟೀ ಕುಡಿದಿದಾನೆ. ಪೊಲೀಸ್ನೋರೂ ಅಷ್ಟು ಕೇಳಿರ್ಲಿಲ್ಲ. ಊರೆಲ್ಲಾ ಸುತ್ತಿ ಪತ್ತೆ ಮಾಡಿದಾನೆ. ನೇರ ಹೇಳಿದ್ರೆ ಕೋರ್ಟು ಕಚೇರಿ ಅಂತ ಎಳೆದಾಡ್ತಾರೆ, ಅದಕ್ಕೇ ಕಥೆ ಮಾಡಿ ಹೇಳ್ತಿದಾನೆ."

"ಅಮ್ಮಾ, ಅದು ಸೀರಿಯಲ್ಲು. ನಾಳೆ ಡಿಟರ್ಜೆಂಟ್ ಮಾರೋಕೆ ಇವತ್ತು ಹುಡುಗೀನ ಕಾಣೆ ಮಾಡ್ತಾರೆ."

"ಅಜ್ಜಿ ಹೇಳ್ತಿದ್ದಿದ್ದೂ ಕಥೇನೇ. ಸುಳ್ಳಾಗಿತ್ತಾ?"

ಅಜ್ಜಿಯ ಕಥೆಗಳಲ್ಲಿ ಸತ್ಯ ಯಾವತ್ತೂ ಮುಂಬಾಗಿಲಿನಿಂದ ಬಂದದ್ದಿಲ್ಲ. ಬಾವಿಗೆ ತಳ್ಳಿಸಿಕೊಂಡ ಹುಡುಗಿ ಬಾವಿಯ ಮಗ್ಗುಲಲ್ಲಿ ಮರವಾಗಿ ಹುಟ್ಟುತ್ತಿದ್ದಳು. ತಳ್ಳಿದವಳು ನೀರಿಗೆ ಬಂದಾಗಲಷ್ಟೇ ಮರ ಎಲೆ ಉದುರಿಸುತ್ತಿತ್ತು. ಅರಮನೆಯ ದೀಪಗಳು ರಾತ್ರಿ ಒಂದಕ್ಕೊಂದು ಮಾತಾಡಿಕೊಂಡು ಕಳ್ಳನನ್ನು ಹಿಡಿದುಕೊಡುತ್ತಿದ್ದವು. ಅಕ್ಕ ತಂಗಿ ಇಬ್ಬರೂ ಒಂದೇ ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಆ ಕಥೆಗಳನ್ನು ಕೇಳಿದ್ದರು. ಕಥೆ ಮುಗಿಯುವ ಮೊದಲೇ ಚಿಕ್ಕವಳಿಗೆ ನಿದ್ದೆ, "ಆಮೇಲೆ ಯಾರು ಅಂತ ಗೊತ್ತಾಯ್ತಾ?" ಎಂದು ಬೆಳಿಗ್ಗೆ ಎದ್ದು ಅಕ್ಕನನ್ನು ಕೇಳುತ್ತಿದ್ದಳು.

ಅಮ್ಮನ ಮಾತಿಗೆ ದೊಡ್ಡವಳು ನಕ್ಕಳು. ನಕ್ಕರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಯಾರು ಬಲ್ಲರು? ಇರಲೂಬಹುದು.

ಅಷ್ಟರಲ್ಲಿ ಅವಳೂ ಸೀರಿಯಲ್ಲಿನ ಒಳಗೇ ಇದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳನ್ನು ಟಿ.ವಿ.ಯವರು ಬಟ್ಟೆ ನೋಡಿಕೊಳ್ಳುವ ಕೆಲಸಕ್ಕೆ ಕರೆದುಕೊಂಡಿದ್ದರು. ಸೆಟ್ಟಿನಲ್ಲಿ ಎಲ್ಲರಿಗೂ ಅವಳು ಬಟ್ಟೆಯಕ್ಕ. ಡಾಕ್ಟರ ಟೈ ಎಷ್ಟು ಸಡಿಲವಿತ್ತು, ಅಂಚೆಯಮ್ಮನ ತೋಳಿನ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಎಲ್ಲ ಅವಳ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಬಾಗಿಲಿನ ಆಚೆಯ ಶಾಟಿನಲ್ಲಿ ಇದ್ದ ಗುಂಡಿ, ಬೇರೆ ದಿನ ತೆಗೆದ ಈಚೆಯ ಶಾಟಿನಲ್ಲಿ ಮಾಯ.

ದೋಣಿಯವನ ಪಾತ್ರಕ್ಕೆ ಕೋಟು ಬೇಕಿತ್ತು. "ಬಿಸಿಲು ತಿಂದಿರ್ಬೇಕು, ನೀರು ಕುಡಿದಿರ್ಬೇಕು, ನೋಡಿದ್ರೆ ವಾಸನೆ ಬರ್ಬೇಕು," ಎಂದಿದ್ದ ನಿರ್ದೇಶಕ. ಅವಳು ಹೊಸ ಕೋಟನ್ನು ಟೀ ನೀರಿನಲ್ಲಿ ನೆನೆಸಿದಳು, ಸೋಡಾ ಹಾಕಿ ಒಗೆದಳು, ಮರಳುಕಾಗದದಿಂದ ಉಜ್ಜಿದಳು. ಉಹ್ಞೂಂ. ವೇಷ ಹಾಕಿದ ಕೋಟು ವೇಷದ ಹಾಗೆಯೇ ಕಂಡಿತು. ಕೊನೆಗೆ ದೋಣಿಕಟ್ಟೆಗೆ ಹೋಗಿ ಮಾವನನ್ನು ಕೇಳಿದಳು. ಅವನು ಅಲ್ಲೇ ಕೋಟು ಬಿಚ್ಚಿ ಕೊಟ್ಟ.

"ತಗೊಂಡ್ಹೋಗು. ನನ್ನ ಕೋಟಿಗೆ ಬಂದ ಯೋಗ ನನಗೆ ಬರ್ಲಿಲ್ಲ ನೋಡು."

"ನಿನಗೆ ಹೊಸದು ತಂದ್ಕೊಡ್ತೀನಿ ಮಾವ."

"ಹೊಸದು ಯಾಕೆ, ಮೀನು ನಗಾಡೋಕಾ?"

ನಿರ್ದೇಶಕ ಕೋಟು ನೋಡಿ ಚಪ್ಪಾಳೆ ತಟ್ಟಿದ. ಆ ನಟ ಅದನ್ನು ಹಾಕಿಕೊಂಡು, ದಡದ ಮೇಲೆ ಎರಡು ದಿನ ಮಾವನ ಪಕ್ಕ ಕೂತು, ಅವನ ಹಾಗೆ ಹೆಗಲು ಬಗ್ಗಿಸುವುದನ್ನೂ ಮಾತಿಗೆ ಮುಂಚೆ ಮೂಗು ಒರೆಸಿಕೊಳ್ಳುವುದನ್ನೂ ಕಲಿತುಕೊಂಡ. ಮಾವನಿಗೂ ಒಳಗೊಳಗೆ ಖುಷಿ. ವಾರವಾರ ಅಕ್ಕನ ಮನೆಯಲ್ಲಿ ಟಿ.ವಿ.ಯ ಮುಂದೆ ಕೂತು, "ಹುಟ್ಟು ಹಿಡಿಯೋದು ಸೌಟು ಹಿಡಿದ ಹಾಗೆ ಹಿಡೀತಾನಲ್ಲ ಇವನು," ಎಂದು ಗೊಣಗುತ್ತ, ಕಣ್ಣು ಮಾತ್ರ ಕೀಳದೆ ನೋಡುತ್ತಿದ್ದ.

ಅಮ್ಮ ನೋಡುತ್ತಿದ್ದ ರೀತಿಯೇ ಬೇರೆ. ಟೀ ಲೋಟ ಕೈಯಲ್ಲೇ ಆರುತ್ತಿತ್ತು. ತುಟಿ ಅಲುಗುತ್ತಿತ್ತು. ಕೊನೆಯ ಕಂತಿನ ತನಕ ಬದುಕಿರಬೇಕು ಎಂದು ಬಿ.ಪಿ. ಮಾತ್ರೆಯನ್ನು ಮರೆಯದೆ ನುಂಗತೊಡಗಿದಳು. ಅಷ್ಟು ವರ್ಷ ಎಷ್ಟು ಬೇಡಿಕೊಂಡರೂ ನುಂಗದವಳು.

ಕೊನೆಯ ಕಂತಿನ ಶೂಟಿಂಗು ಊರಾಚೆಯ ಹಳೆ ಹಿಟ್ಟಿನ ಗಿರಣಿಯೊಳಗೆ. ಅಲ್ಲೇ ಪೊಲೀಸ್ ಠಾಣೆಯ ಕೋಣೆ ಕಟ್ಟಿದ್ದರು: ಒಂದು ಮೇಜು, ಎರಡು ಕುರ್ಚಿ, ಮೇಲೊಂದು ಬಲ್ಬು. ದೊಡ್ಡವಳು ಬಟ್ಟೆಗಳನ್ನು ಹೊತ್ತು ಒಳಗೆ ಬಂದಾಗ ಮೇಕಪ್ಪಿನ ಪೌಡರಣ್ಣ ಕೂಗಿದ:

"ಬಟ್ಟೆಯಕ್ಕಾ, ಇವತ್ತು ಐದೂ ಜನರ ಕಾಲರ್ ಗರಿಗರಿ ಇರ್ಲಿ. ಐದೂ ಜನ ಕೊಲೆಗಾರರೇ."

"ಅಂದ್ರೆ?"

"ಕೊನೇ ಸೀನು ಐದು ಸಲ ತೆಗೀತಾರೆ. ಒಬ್ಬೊಬ್ಬರೂ ಬಂದು 'ನಾನೇ ಕೊಂದಿದ್ದು' ಅಂತ ಒಪ್ಕೊಳ್ಳೋದು. ಯಾವುದು ಹಾಕ್ತಾರೋ ಆ ದೇವರಿಗೇ ಗೊತ್ತು. ನಮ್ಮಂಥೋರ ಬಾಯಿಂದ ಗುಟ್ಟು ಹೊರಗೆ ಹೋಗ್ಬಾರ್ದಲ್ಲ, ಅದಕ್ಕೆ. ನಾನಂತೂ ಡಾಕ್ಟ್ರು ಅಂತ ಪಂಥ ಕಟ್ಟಿದೀನಿ. ಆ ಮುಖಕ್ಕೆ ಎಷ್ಟು ಪೌಡರ್ ಬಳಿದ್ರೂ ಕಳ್ಳಕಳೆ ಹೋಗಲ್ಲ."

ಎಲ್ಲರೂ ನಕ್ಕರು. ದೊಡ್ಡವಳ ಕೈಯಲ್ಲಿದ್ದ ಬಟ್ಟೆಗಳ ಭಾರ ಒಮ್ಮೆಲೇ ಹೆಚ್ಚಾಯಿತು.

ಒಬ್ಬೊಬ್ಬರಾಗಿ ಅದೇ ಕುರ್ಚಿಯಲ್ಲಿ ಕೂತರು. ಡಾಕ್ಟರು ಚೀಟಿ ಬರೆದುಕೊಡುವಷ್ಟು ತಣ್ಣಗೆ ಒಪ್ಪಿಕೊಂಡರು. ಅಂಚೆಯಮ್ಮ ಅತ್ತಳು. ಮೇಷ್ಟ್ರು ನಕ್ಕರು. ಅಂಗಡಿಯ ಯಜಮಾನ ಮಾತು ಮರೆತು, ಊಟಕ್ಕೆ ಹೋಗಿ ಬಂದು ಮತ್ತೆ ಒಪ್ಪಿಕೊಂಡ. ಒಬ್ಬರು ಎದ್ದ ಕೂಡಲೇ ದೊಡ್ಡವಳು ಇನ್ನೊಬ್ಬರ ಕಾಲರ್ ಸರಿಮಾಡಬೇಕು. ಐದನೆಯವನು ದೋಣಿಯವನು. ಅವನು ಮೂಗು ಒರೆಸಿಕೊಂಡ, ಹೆಗಲು ಬಗ್ಗಿಸಿದ, ತನ್ನ ಅಂಗೈಗಳನ್ನೇ ನೋಡುತ್ತ ಹೇಳಿದ:

"ಆ ದಡಕ್ಕೆ ಬಿಡು ಅಂದ್ಲು. ಯಾರಿಗೂ ಹೇಳ್ಬೇಡ ಅಂದ್ಲು. ಹೋಗ್ಬೇಡ ಅಂತ ಕೈ ಹಿಡ್ಕೊಂಡೆ. ಕೊಸರಿಕೊಂಡ್ಲು. ನೀರು ಒಂದು ಸಲ ಸದ್ದು ಮಾಡ್ತು, ಅಷ್ಟೇ. ಆಮೇಲೆ ನಾನು ಹುಟ್ಟು ಹಾಕ್ತಾನೇ ಇದ್ದೆ."

ಉಳಿದ ನಾಲ್ವರು ನಟಿಸಿದ್ದರು, ಇವನು ಹೇಳಿದ್ದ. ದೊಡ್ಡವಳಿಗೆ ಅದು ಸುಳ್ಳು ಎಂದು ಗೊತ್ತು. ಗೊತ್ತಿದ್ದೂ ನೀರಿನ ಆ ಸದ್ದು ಕಿವಿಯಲ್ಲಿ ಕೂತುಬಿಟ್ಟಿತು.

ಕನ್ನಡಕ ಹೊರಗೆ ಗಿರಣಿಯ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಅವಳು ಹೋಗಿ ಎದುರು ನಿಂತಳು.

"ಸಾರ್, ಐದರಲ್ಲಿ ನಿಜವಾದದ್ದು ಯಾವುದು?"

"ನನಗೂ ಗೊತ್ತಿಲ್ಲಮ್ಮ. ಚಾನೆಲ್ಲಿನೋರು ಆರಿಸ್ತಾರೆ. ಮುಂದಿನ ಸೀಸನ್ನಿಗೆ ಯಾರು ಬೇಕು, ಯಾರಿಗೆ ಬೇರೆ ಸೀರಿಯಲ್ ಸಿಕ್ಕಿದೆ, ಅದೆಲ್ಲಾ ನೋಡ್ಬೇಕಲ್ಲ."

"ಅದಲ್ಲ ಸಾರ್. ನಿಜವಾಗಿ."

ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ಕನ್ನಡಕ ತೆಗೆದ. ಅದಿಲ್ಲದೆ ಅವನ ಕಣ್ಣು ಸಣ್ಣವಾಗಿ, ಈಗಷ್ಟೇ ಎದ್ದ ಮಗುವಿನ ಕಣ್ಣಿನಂತೆ ಕಂಡವು.

"ನಾನು ಏನೂ ಕಂಡುಹಿಡೀಲಿಲ್ಲ. ಕಂಡುಹಿಡಿಯೋಕೆ ಬಂದೋನೂ ಅಲ್ಲ. ಊರು ಹೇಗಿರುತ್ತೆ, ಜನ ಹೇಗೆ ಮಾತಾಡ್ತಾರೆ ಅಂತ ನೋಡೋಕೆ ಬಂದಿದ್ದೆ. ನಿಮ್ಮಮ್ಮನಿಗೆ ಹೇಳಿದ್ನಲ್ಲ, ಇದು ಕಥೆ ಅಂತ."

"ಮೂರು ಸಲ ಟೀ ಕುಡಿದ್ರಲ್ಲ ಸಾರ್," ಎಂದಳು ಅವಳು.

ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮನಿಗೆ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡಳು. ಮೆಟ್ಟಿಲು ಹತ್ತಿದಾಗ ಅಮ್ಮ ಕಿಟಕಿಯ ಬಳಿ ಕೂತು ಚಿಕ್ಕವಳ ಸ್ವೆಟರು ಬಿಸಿಲಿಗೆ ಹಾಕಿದ್ದಳು. "ಕೊನೇ ಕಂತು ತೆಗೆದ್ರೇನೇ? ಹೇಳ್ಬೇಡ, ಹೇಳ್ಬೇಡ. ನಾನೇ ನೋಡ್ತೀನಿ," ಎಂದಳು. ಆ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಒಂದು ಹೊಳಪಿತ್ತು. ಅದನ್ನು ಊದಿ ಆರಿಸಲು ದೊಡ್ಡವಳಿಗೆ ಬಾಯಿ ಬರಲಿಲ್ಲ. ಹೇಗೂ ಪೌಡರಣ್ಣ ಅಂದ ಹಾಗೆ ಡಾಕ್ಟರೇ ತಾನೆ, ಅಂದುಕೊಂಡಳು. ಆ ಊರಿನಲ್ಲಿ ಅಂಥ ಡಾಕ್ಟರು ಯಾರೂ ಇಲ್ಲ. ಸುಳ್ಳೋ ಪಳ್ಳೋ, ಅಮ್ಮನಿಗೂ ಒಂದು ಕೊನೆ ಸಿಗಲಿ, ಅತ್ತು ಹಗುರಾಗಲಿ. ಮಾಡಿದ ಲೆಕ್ಕದಲ್ಲಿ ಅವಳು ತೂಗಿದ್ದು ಅಮ್ಮನ ನೆಮ್ಮದಿಯನ್ನು ಮಾತ್ರ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಲಿಲ್ಲ.

ಕೊನೆಯ ಕಂತಿನ ಸಂಜೆ ಬೀದಿ ಖಾಲಿ. ಮಾವ ಬನ್ನು ತಂದ. ಮೂವರೂ ಸಾಲಾಗಿ ಕೂತರು. ಪತ್ತೇದಾರ ಕೋಣೆಯ ಬಾಗಿಲು ತೆರೆದ. ಬಲ್ಬಿನ ಕೆಳಗೆ, ಕುರ್ಚಿಯಲ್ಲಿ, ಬೆನ್ನು ಕಂಡಿತು. ಮುಖ ಕಾಣುವ ಮೊದಲೇ ದೊಡ್ಡವಳಿಗೆ ಕೋಟು ಕಂಡಿತು.

"ಲೇ, ನಾನೇ!" ಎಂದು ಮಾವ ನಕ್ಕ. ಬನ್ನಿನ ಚೂರು ತುಟಿಯ ಮೇಲಿತ್ತು.

ಆ ನಟ ಎಲ್ಲವನ್ನೂ ಹೇಳಿದ. ಕೈ ಹಿಡಿದದ್ದು, ಕೊಸರಿಕೊಂಡದ್ದು, ನೀರು. ಮಾವನ ನಗು ನಿಧಾನವಾಗಿ, ಕೈಬಿಟ್ಟ ಹಗ್ಗದ ಹಾಗೆ ಜಾರಿಹೋಯಿತು. ಹೆಸರುಗಳು ಓಡತೊಡಗಿದ ಮೇಲೂ ಅಮ್ಮ ತೆರೆಯನ್ನೇ ನೋಡುತ್ತಿದ್ದಳು. ಆಮೇಲೆ ತಿರುಗಿದಳು. ಕಿರುಚಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ಕೇಳುವ ದನಿಯಲ್ಲಿ ಕೇಳಿದಳು:

"ಎಲ್ಲಿ ಹಾಕಿದೀಯೋ ಅವಳನ್ನ?"

"ಅಕ್ಕಾ..."

"ಆ ಕೋಟಿನ ಮೊಣಕೈ ತೇಪೆ ನಾನು ಹಾಕಿದ್ದು. ನೀಲಿ ದಾರ ಇರ್ಲಿಲ್ಲ ಅಂತ ಕಪ್ಪು ದಾರದಲ್ಲಿ ಹೊಲಿದಿದ್ದೆ. ನನಗೆ ಗುರುತು ಸಿಗ್ಲಿ ಅಂತಾನೇ ಆ ಕೋಟು ಹಾಕ್ಸಿದಾನೆ ಕನ್ನಡಕ."

"ಅಮ್ಮಾ, ಕೋಟು ಕೊಟ್ಟಿದ್ದು ನಾನು!" ದೊಡ್ಡವಳು ಎದ್ದು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಟೀ ನೀರು, ಮರಳುಕಾಗದ, ಗಿರಣಿ, ಐದು ತಪ್ಪೊಪ್ಪಿಗೆ, ಚಾನೆಲ್ಲಿನವರು. "ಐದು ಜನಾನೂ ಒಪ್ಕೊಂಡ್ರಮ್ಮ, ಒಬ್ಬರಾದ್ಮೇಲೆ ಒಬ್ಬರು, ನನ್ನ ಕಣ್ಣೆದುರಿಗೇ. ಆ ನಟನಿಗೆ ಬೇರೆ ಸೀರಿಯಲ್ ಸಿಕ್ಕಿರುತ್ತೆ, ಅದಕ್ಕೆ ಅವನನ್ನ ಕೊಲೆಗಾರ ಮಾಡಿದಾರೆ, ಅಷ್ಟೇ!"

ಅಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು.

"ಐದರಲ್ಲಿ ನಾಲ್ಕು ಸುಳ್ಳು. ಒಂದಾದ್ರೂ ನಿಜ ಇರ್ಬೇಕಲ್ಲ. ಅದನ್ನೇ ತೋರಿಸಿದಾರೆ," ಎಂದಳು. "ನಿನಗೆ ಇಷ್ಟೆಲ್ಲಾ ಗೊತ್ತಿದ್ರೆ ಮೊದಲೇ ಯಾಕೆ ಹೇಳ್ಲಿಲ್ಲ? ಈಗ ಮಾವನ್ನ ಉಳಿಸೋಕೆ ಹೇಳ್ತಿದೀಯ."

ಮಾವ ಎದ್ದ. ಬಾಗಿಲಿನ ಬಳಿ ನಿಂತು ಅಕ್ಕ ಕರೆಯುತ್ತಾಳೇನೋ ಎಂದು ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿದ. ಚಪ್ಪಲಿ ಕಾಲ ಬುಡದಲ್ಲೇ ಇತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೊದಲು ತಮಾಷೆಗೇ ಶುರುವಾಯಿತು. "ಏನಪ್ಪಾ ಕೊಲೆಗಾರ, ಇವತ್ತು ಯಾರನ್ನ ಮುಳುಗಿಸ್ತೀಯ?" ಎಂದು ಟೀ ಅಂಗಡಿಯಲ್ಲಿ ಬೆನ್ನು ತಟ್ಟಿದರು. ಮಾವನೂ ನಗಲು ನೋಡಿದ. ಆಮೇಲೆ ಯಾರೋ, "ಅಲ್ಲ, ಸೈಕಲ್ಲು ದೋಣಿಕಟ್ಟೇಲೇ ಸಿಕ್ಕಿದ್ದಲ್ವಾ?" ಎಂದರು. ತಮಾಷೆ ನಿಂತಿತು. ಕೆರೆ ಸುತ್ತಿಹೋಗುವ ಬಸ್ಸು ತುಂಬತೊಡಗಿತು. ಹೆಂಗಸರು ಮಕ್ಕಳ ಕೈ ಹಿಡಿದುಕೊಂಡು, "ಬಸ್ಸಲ್ಲಾದ್ರೆ ಬಟ್ಟೆ ಒದ್ದೆಯಾಗಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ನಡೆದರು. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರೆ. ಮಾವನ ಮಾನ ಹೋದದ್ದು ಅಡಿಕೆಗೂ ಅಲ್ಲ, ಗಾಳಿಗೆ.

ಅಮ್ಮ ಮಾತ್ರೆ ನುಂಗುವುದನ್ನು ಬಿಟ್ಟಳು. "ಇನ್ನೇನು ನೋಡೋದಿದೆ?" ಎಂದಳು. ಅತ್ತು ಹಗುರಾಗಲಿಲ್ಲ. ಅಳುವ ಬದಲು ಕೆರೆಯ ಕಡೆಯ ಕಿಟಕಿ ಮುಚ್ಚಿ, ಅದಕ್ಕೆ ಬೆನ್ನು ಹಾಕಿ ಕೂತಳು. ಇದ್ದ ಇಬ್ಬರಲ್ಲಿ ಒಬ್ಬನನ್ನು ಅವಳೇ ಕಳೆದುಕೊಂಡಿದ್ದಳು, ಮತ್ತು ಹಾಗೆ ಕಳೆದುಕೊಂಡದ್ದನ್ನೇ ಸತ್ಯ ಸಿಕ್ಕಿದ್ದು ಎಂದುಕೊಂಡಿದ್ದಳು.

ದೊಡ್ಡವಳು ದೋಣಿಕಟ್ಟೆಗೆ ಹೋಗಲು ಬಹಳ ದಿನ ಹಿಂಜರಿದಳು. ಕ್ಷಮೆ ಕೇಳಬೇಕಿತ್ತು, ಅದಕ್ಕೆ ತಕ್ಕ ಮಾತು ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಮಾತಿಲ್ಲದೆಯೇ ಹೋದಳು. ಮಾವ ದೋಣಿಯ ತಳದ ನೀರನ್ನು ಡಬ್ಬಿಯಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದ. ಅವಳನ್ನು ಕಂಡು ಹಲಗೆಯನ್ನು ಅಂಗೈಯಲ್ಲಿ ಒರೆಸಿದ.

"ಬಾ, ಕೂತ್ಕೋ. ಇವತ್ತಿನ ಮೊದಲ ಗಿರಾಕಿ."

"ಆ ದಡಕ್ಕೆ ಬಿಡು ಮಾವ," ಎಂದುಬಿಟ್ಟಳು. ಅಂದ ಮೇಲೆ ಆ ಮಾತು ಸೀರಿಯಲ್ಲಿನ ಹುಡುಗಿಯದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅವನು ಕೇಳಿಸದವನಂತೆ ಹಗ್ಗ ಬಿಚ್ಚಿದ.

ಅವನು ಎದುರು ಕೂತು ಹುಟ್ಟು ಹಾಕುತ್ತಿದ್ದ. ದಡ ದೂರವಾಯಿತು. ಲಾಂಡ್ರಿಯ ಹೊಗೆಕೊಳವೆ, ಅಂಚೆ ಕಚೇರಿಯ ಹೊಸ ಬಣ್ಣದ ಬಾಗಿಲು, ಎಲ್ಲ ಚಿಕ್ಕವಾದವು. ಕ್ಷಮಿಸು ಎನ್ನಲು ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ.

"ಮಾವ, ಅವತ್ತು ಸಂಜೆ ನೀನು ಎಲ್ಲಿದ್ದೆ?"

ಅಷ್ಟು ವರ್ಷಗಳಲ್ಲಿ ಅವಳು ಅವನಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಅಗತ್ಯ ಬಿದ್ದಿರಲಿಲ್ಲ. ಅವನು ಹುಟ್ಟು ನಿಲ್ಲಿಸಲಿಲ್ಲ.

"ಆಚೆ ದಡದಲ್ಲಿದ್ದೆ. ಜನ ಬರ್ಬಹುದು ಅಂತ ಕಾದೆ. ಯಾರೂ ಬರ್ಲಿಲ್ಲ. ಕತ್ತಲಾದ್ಮೇಲೆ ಖಾಲಿ ದೋಣಿ ತಗೊಂಡು ಬಂದೆ."

ಅದೇ ಮಾತು. ಅಂದು ಇನ್‌ಸ್ಪೆಕ್ಟರಿಗೆ ಅಡುಗೆಮನೆಯಲ್ಲಿ ನಿಂತು ಹೇಳಿದ್ದೂ ಇದೇ, ಒಂದು ಪದ ಆಚೀಚೆ ಇಲ್ಲ. ನಿಜವನ್ನು ಎರಡು ಸಲ ಒಂದೇ ಥರ ಹೇಳೋಕಾಗಲ್ಲ, ಬಾಯಿಪಾಠ ಮಾಡಿದ್ದನ್ನ ಮಾತ್ರ ಹೇಳಬಹುದು ಎಂದು ಸೀರಿಯಲ್ಲಿನ ಪತ್ತೇದಾರ ಹೇಳುತ್ತಿದ್ದ. ಆ ಸಾಲನ್ನು ಲಾಡ್ಜಿನಲ್ಲಿ ಕೂತು ಕನ್ನಡಕ ಬರೆದದ್ದು, ಅದಕ್ಕೆ ಬೆಲೆಯಿಲ್ಲ ಎಂದು ಅವಳಿಗೆ ಗೊತ್ತು. ಇಷ್ಟು ವರ್ಷ ಒಬ್ಬ ಮನುಷ್ಯ ಒಂದೇ ಸಂಜೆಯನ್ನು ಮನಸ್ಸಿನಲ್ಲಿ ತಿರುವಿ ತಿರುವಿ ಹಾಕಿದರೆ ಮಾತು ಸವೆದು ಒಂದೇ ಆಕಾರಕ್ಕೆ ಬರುತ್ತದೆ ಎಂದೂ ಗೊತ್ತು. ಎಲ್ಲ ಗೊತ್ತಿದ್ದೂ ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು. ದಪ್ಪ ಗೆಣ್ಣಿನ, ನೀರಿಗೆ ಬಿಳಿಚಿಕೊಂಡ ಕೈಗಳು. ಚಿಕ್ಕವಳನ್ನು ಹೆಗಲಿಗೆ ಎತ್ತಿ ಕುಣಿಸಿದ ಕೈಗಳು. ನೀರು ಒಂದು ಸಲ ಸದ್ದು ಮಾಡಿತು.

ಮಾವನ ಕಣ್ಣು ಅವಳ ಮುಖದಿಂದ ಇಳಿದು ಅವಳ ಕೈಗೆ ಬಂತು. ಆಗಲೇ ಅವಳೂ ನೋಡಿಕೊಂಡದ್ದು. ಅವಳು ಹಲಗೆಯ ಹಿಂದಿನ ತುದಿಗೆ ಸರಿದು, ದೋಣಿಯ ಅಂಚನ್ನು ಎರಡೂ ಕೈಯಿಂದ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಈಜು ಕಲಿಯುವ ಮೊದಲೂ ಈ ದೋಣಿಯಲ್ಲಿ ಹಾಗೆ ಹಿಡಿದವಳಲ್ಲ.

ತಕ್ಷಣ ಬಿಟ್ಟಳು. ಬಿಟ್ಟದ್ದು ಇನ್ನೂ ಕೆಟ್ಟದಾಗಿ ಕಂಡಿತು.

"ನೀನೂನಾ," ಎಂದ ಮಾವ. ಪ್ರಶ್ನೆಯಲ್ಲ, ಸಿಟ್ಟೂ ಅಲ್ಲ. ದಿನದ ಕೊನೆಯಲ್ಲಿ ಬೀಗ ಜಗ್ಗಿ ನೋಡುವವರ ದನಿ.

ಅವನು ಒಂದು ಹುಟ್ಟನ್ನು ಎತ್ತಿ ಹಿಡಿದು ಇನ್ನೊಂದರಿಂದ ದೋಣಿಯನ್ನು ಊರಿನ ಕಡೆಗೆ ತಿರುಗಿಸಿದ. ಆಮೇಲೆ ತಾನೂ ಹಲಗೆಯ ಮೇಲೆ ತಿರುಗಿ, ಅವಳಿಗೆ ತನ್ನ ಮುಖವಾಗಲಿ ಕೈಯಾಗಲಿ ಕಾಣದಂತೆ ಬೆನ್ನು ಮಾಡಿ ಕೂತು, ಎಳೆಯುವ ಹುಟ್ಟನ್ನು ತಳ್ಳಿಕೊಂಡು ನಡೆಸಿದ. ಹಾಗೆ ನಡೆಸುವುದು ಕಷ್ಟ. ಹೆಗಲು ಏರಿ ಇಳಿಯುತ್ತಿತ್ತು.

ಅವಳು ಆ ಬೆನ್ನನ್ನು ನೋಡುತ್ತ ಕೂತಳು. ಮಾವ ಎಂದು ಒಂದು ಸಲ ಕರೆದರೆ ಸಾಕಿತ್ತು, ಅವನು ತಿರುಗುತ್ತಿದ್ದ. ಮುಂದಿನ ಹುಟ್ಟಿಗೆ ಆ ಎರಡಕ್ಷರ ಹೇಳುತ್ತೇನೆ, ಅದರ ಮುಂದಿನದಕ್ಕೆ ಹೇಳುತ್ತೇನೆ ಎಂದುಕೊಂಡಳು. ದೋಣಿಯ ಮೂಗು ಕಟ್ಟೆಯ ಕಲ್ಲಿಗೆ ತಾಗಿದಾಗಲೂ ಅದು ಹೊರಗೆ ಬಂದಿರಲಿಲ್ಲ.